ಮೂರು ಮಿಲಿಮೀಟರ್ ಥ್ರೆಡ್ ಮತ್ತು ನಮ್ಮ ಶಾಲೆಯ ಲೆಕ್ಕ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಊರಿಗೆ ಬಂದಾಗಲೆಲ್ಲ "ಸಾಫ್ಟ್‌ವೇರ್ ಅಂದ್ರೆ ಏನು ಕೆಲಸ ಮಾಡ್ತೀಯಪ್ಪಾ?" ಎಂದು ಕೇಳುತ್ತೀರಿ. ಇವತ್ತು ಒಂದು ಸಣ್ಣ ರಂಧ್ರವನ್ನು ಇಟ್ಟುಕೊಂಡು ಉತ್ತರ ಹೇಳುತ್ತೇನೆ.

ನಾನು ಬರೆಯುವುದು ಸಿ.ಎನ್.ಸಿ. ಯಂತ್ರಗಳನ್ನು ನಡೆಸುವ ಪ್ರೋಗ್ರಾಂ. ಸಿ.ಎನ್.ಸಿ. ಮಿಲ್ಲಿಂಗ್ ಯಂತ್ರವೆಂದರೆ ನಾವು ಕೊಟ್ಟ ಅಂಕಿಗಳ ಪ್ರಕಾರ ಲೋಹವನ್ನು ಕೊರೆದು ಆಕಾರ ಕೊಡುವ ಯಂತ್ರ. ಅದರಲ್ಲಿ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ತಯಾರಾಗುತ್ತಿದೆ ಅಂದುಕೊಳ್ಳಿ. ಮುಚ್ಚಳ ಕೂರಿಸಲು ನಾಲ್ಕು ಸ್ಕ್ರೂ ಬೇಕು. ಸ್ಕ್ರೂ ಹಿಡಿದು ನಿಲ್ಲಬೇಕಾದರೆ ರಂಧ್ರದ ಒಳಮೈಯಲ್ಲೂ ಸುರುಳಿ ಗೆರೆ ಇರಬೇಕು. ಅದೇ ಥ್ರೆಡ್. ಅದನ್ನು ಕೊರೆಯುವ ಉಪಕರಣವೇ ಟ್ಯಾಪ್. ನಲ್ಲಿಯ ಟ್ಯಾಪ್ ಅಲ್ಲ; ಸ್ಕ್ರೂವಿನಂತೆಯೇ ಕಾಣುವ, ಉದ್ದಕ್ಕೂ ಕಾಲುವೆಗಳಿರುವ ಗಟ್ಟಿ ಉಕ್ಕಿನ ಕಡ್ಡಿ.

ಎಂ 3 ಎಂಬ ಅಳತೆಯನ್ನು ತೆಗೆದುಕೊಳ್ಳೋಣ. ಸ್ಕ್ರೂವಿನ ಹೊರ ವ್ಯಾಸ 3 ಮಿ.ಮೀ. ಒಂದು ಗೆರೆಯಿಂದ ಮುಂದಿನ ಗೆರೆಗೆ 0.5 ಮಿ.ಮೀ.; ಇದಕ್ಕೆ ಪಿಚ್ ಎನ್ನುತ್ತಾರೆ. ಮೊದಲು ಎಷ್ಟರ ಡ್ರಿಲ್ ಹಾಕಬೇಕು? 3ರಲ್ಲಿ 0.5 ಕಳೆಯಿರಿ, 2.5 ಮಿ.ಮೀ. ಟ್ಯಾಪ್ ಒಂದು ಸುತ್ತು ತಿರುಗಿದರೆ ಸರಿಯಾಗಿ ಒಂದು ಪಿಚ್ ಇಳಿಯಬೇಕು. ನಿಮಿಷಕ್ಕೆ 1000 ಸುತ್ತು ತಿರುಗಿದರೆ 500 ಮಿ.ಮೀ. ವೇಗದಲ್ಲಿ ಇಳಿಯಬೇಕು. 6 ಮಿ.ಮೀ. ಆಳಕ್ಕೆ 12 ಸುತ್ತು. ಇಳಿಯಲು ಒಂದು ಸೆಕೆಂಡೂ ಬೇಡ. ಇದು ಹೈಸ್ಕೂಲಿನ ಅನುಪಾತದ ಲೆಕ್ಕ, ಅಷ್ಟೇ.

ಆದರೆ 500ರ ಜಾಗದಲ್ಲಿ 490 ಎಂದು ಕೊಟ್ಟರೆ? ಪ್ರತಿ ಸುತ್ತಿಗೆ 0.01 ಮಿ.ಮೀ. ಕಡಿಮೆ. 12 ಸುತ್ತಿಗೆ 0.12 ಮಿ.ಮೀ., ಅಂದರೆ ಪಿಚ್‌ನ ಸುಮಾರು ಕಾಲು ಭಾಗ. ಟ್ಯಾಪನ್ನು ಬಿಗಿಯಾಗಿ ಹಿಡಿದಿದ್ದರೆ ಥ್ರೆಡ್ ಕೆಡುತ್ತದೆ, ಇಲ್ಲವೇ ಟ್ಯಾಪ್ ಒಳಗೇ ಮುರಿಯುತ್ತದೆ. ಮುರಿದ ತುಂಡು ಗಟ್ಟಿ ಉಕ್ಕು, ಸುತ್ತಲಿರುವುದು ಮೆತ್ತನೆಯ ಅಲ್ಯೂಮಿನಿಯಂ. ಮಾಮೂಲಿ ಡ್ರಿಲ್ ಹಾಕಿದರೆ ಅದು ಪಕ್ಕಕ್ಕೆ ಜಾರುತ್ತದೆ. ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಬೇರೊಂದು ಯಂತ್ರಕ್ಕೆ ಕೊಂಡೊಯ್ಯಬೇಕು. ಥ್ರೆಡ್ ಹಾಕುವುದು ಸಾಮಾನ್ಯವಾಗಿ ಕೊನೆಯ ಕೆಲಸಗಳಲ್ಲಿ ಒಂದು. ಅಷ್ಟು ಹೊತ್ತು ದುಡಿದು ಮಾಡಿದ ಪೆಟ್ಟಿಗೆ ಒಂದು ರಂಧ್ರದಿಂದಾಗಿ ಗುಜರಿಗೆ ಹೋಗಬಹುದು.

ಇಲ್ಲಿ ಪ್ರೋಗ್ರಾಂ ಏನು ಮಾಡುತ್ತದೆ? ತಳ ಮುಟ್ಟುವಾಗ ತಿರುಗುವ ವೇಗ ಇಳಿಯಬೇಕು, ನಿಲ್ಲಬೇಕು, ಮತ್ತೆ ಹಿಮ್ಮುಖವಾಗಿ ತಿರುಗಬೇಕು. ಆ ಪ್ರತಿ ಕ್ಷಣದಲ್ಲೂ ಇಳಿಯುವ, ಏರುವ ಚಲನೆ ಅದಕ್ಕೆ ಹೊಂದಿಕೊಂಡೇ ಇರಬೇಕು. ಇದಕ್ಕೆ ರಿಜಿಡ್ ಟ್ಯಾಪಿಂಗ್ ಎನ್ನುತ್ತಾರೆ. ಈ ಸೌಲಭ್ಯ ಇಲ್ಲದ ಯಂತ್ರಗಳಲ್ಲಿ, ಸ್ಪ್ರಿಂಗ್ ಇದ್ದು ಸ್ವಲ್ಪ ಮೇಲೆ ಕೆಳಗೆ ಆಡುವ ಹೋಲ್ಡರ್ ಹಾಕುತ್ತಾರೆ.

ಇಷ್ಟಾದರೂ ಪ್ರೋಗ್ರಾಮಿಗೆ ಗೊತ್ತಾಗದ ಸಂಗತಿಗಳು ಬಹಳ ಇವೆ. ಅಲ್ಯೂಮಿನಿಯಂ ಮೆದು, ಆದ್ದರಿಂದ ಕೆಲಸ ಸುಲಭ ಎಂದು ಅನಿಸುತ್ತದೆ. ಆದರೆ ಅದು ಟ್ಯಾಪಿನ ಅಂಚಿಗೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ಎಣ್ಣೆ ಅಥವಾ ಕೂಲೆಂಟ್ ಬೇಕೇ ಬೇಕು. ಸಣ್ಣ ವರ್ಕ್‌ಶಾಪಿನವರು ಸೀಮೆಎಣ್ಣೆಯನ್ನೂ ಬಳಸುತ್ತಾರೆ. ರಂಧ್ರ ಆಚೆಬದಿಗೆ ತೆರೆದಿಲ್ಲದಿದ್ದರೆ ಚೂರುಗಳು ತಳದಲ್ಲಿ ತುಂಬಿಕೊಳ್ಳುತ್ತವೆ. ಅದಕ್ಕೆ ಚೂರನ್ನು ಮೇಲಕ್ಕೆ ಎತ್ತುವ ಸುರುಳಿ ಕಾಲುವೆಯ ಟ್ಯಾಪ್ ಬೇಕು, ಡ್ರಿಲ್ಲನ್ನೂ ಥ್ರೆಡ್‌ಗಿಂತ ಆಳಕ್ಕೆ ಹಾಕಿರಬೇಕು. ಲೋಹವನ್ನು ಕತ್ತರಿಸದೆ ಒತ್ತಿಯೇ ಥ್ರೆಡ್ ಮೂಡಿಸುವ ಇನ್ನೊಂದು ಬಗೆಯ ಟ್ಯಾಪ್ ಇದೆ. ಅದರಿಂದ ಚೂರೇ ಬರುವುದಿಲ್ಲ. ಆದರೆ ಅದೇ ಎಂ 3ಕ್ಕೆ 2.5 ಸಾಲದು, ಸುಮಾರು 2.8 ಮಿ.ಮೀ. ರಂಧ್ರ ಬೇಕು. ಪ್ರೋಗ್ರಾಮಿನಲ್ಲಿ 2.5 ಎಂದಿದ್ದು, ಕೈಗೆ ಸಿಕ್ಕಿದ್ದು ಒತ್ತುವ ಟ್ಯಾಪ್ ಆದರೆ ಕಥೆ ಮುಗಿಯಿತು.

ಇದನ್ನೆಲ್ಲ ನೋಡಿಕೊಳ್ಳುವವರು ಯಂತ್ರದ ಮುಂದೆ ನಿಲ್ಲುವ ಆಪರೇಟರ್. ಐ.ಟಿ.ಐ. ಓದಿ ಬಂದವರು ಎಷ್ಟೋ ಮಂದಿ. ಟ್ಯಾಪ್ ಸವೆದದ್ದನ್ನು ಅಂಚು ನೋಡಿ, ಶಬ್ದ ಕೇಳಿ ಹೇಳುತ್ತಾರೆ. ನಾನು ಬಿ.ಇ. ಓದಿದವನು, ಆದರೆ "ಸರ್, ಇದು ಬೇಡ, ಟ್ಯಾಪ್ ಬದಲಾಯಿಸೋಣ" ಎಂದು ಅವರು ಅಂದರೆ ಯಂತ್ರ ನಿಲ್ಲಿಸುತ್ತೇನೆ.

ಹಿರಿಯರಲ್ಲಿ ಒಂದು ವಿನಂತಿ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ "ಮಾರ್ಕ್ಸ್ ಕಮ್ಮಿ ಬಂತು, ಇನ್ನೇನು, ಐ.ಟಿ.ಐ.ಗೆ ಹಾಕೋದು" ಎಂದು ಮಗುವಿನ ಎದುರಿಗೇ ನಿಟ್ಟುಸಿರು ಬಿಡಬೇಡಿ. ಎಚ್.ಎಂ.ಟಿ. ಎಂದರೆ ನಿಮಗೆಲ್ಲ ಕೈಗಡಿಯಾರ ನೆನಪಾಗುತ್ತದೆ. ಅದರ ಪೂರ್ತಿ ಹೆಸರು ಹಿಂದೂಸ್ತಾನ್ ಮೆಷಿನ್ ಟೂಲ್ಸ್. ಬೆಂಗಳೂರಿನಲ್ಲಿ 1953ರಲ್ಲಿ ಅದು ಹುಟ್ಟಿದ್ದೇ ಲೋಹ ಕೊರೆಯುವ ಯಂತ್ರಗಳನ್ನು ಮಾಡಲು. ಗಡಿಯಾರ ಬಂದದ್ದು ಆಮೇಲೆ. ಕೈಕೆಲಸ ಬಲ್ಲವರಿಂದಲೇ ಇಂಥ ಕಾರ್ಖಾನೆಗಳು ನಡೆದವು, ಈಗಲೂ ನಡೆಯುತ್ತಿವೆ.

ನನ್ನ ಜೊತೆ ಓದಿದವರಿಗೆ ಇನ್ನೊಂದು ಮಾತು. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಏನಾದರೂ ಕೊಡೋಣ ಎನ್ನುತ್ತಿದ್ದೇವೆ. ಪ್ರಯೋಗಾಲಯಕ್ಕೆ ಒಂದು ಬೆಂಚ್ ವೈಸ್, ಒಂದು ಡ್ರಿಲ್ಲಿಂಗ್ ಯಂತ್ರ, ಎಂ 3ರಿಂದ ಎಂ 6ರವರೆಗಿನ ಕೈ ಟ್ಯಾಪ್‌ಗಳು, ಅವನ್ನು ತಿರುಗಿಸುವ ಹಿಡಿ, ಒಂದಷ್ಟು ಅಲ್ಯೂಮಿನಿಯಂ ಪಟ್ಟಿ ಕೊಡಿಸೋಣ. ವರ್ಷಕ್ಕೆ ಎರಡು ದಿನ ಬಂದು ನಾನು ಕಲಿಸಿಕೊಡುತ್ತೇನೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸಿ ಚೂರು ಮುರಿಯುತ್ತಾ ಹೋದರೆ ಒಂಬತ್ತನೇ ತರಗತಿಯ ಹುಡುಗಿಯೂ ಒಳ್ಳೆಯ ಥ್ರೆಡ್ ಹಾಕಬಲ್ಲಳು. 3ರಲ್ಲಿ 0.5 ಯಾಕೆ ಕಳೆಯಬೇಕು ಎಂಬುದನ್ನು ಆಗ ಅವಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಬೇಕಾಗಿಲ್ಲ.