ಸಾಕಿದ ಕೈಗಳೂ ಶ್ರಾವಕ ಸಮಾಜದ ಹೊಣೆಯೂ

(ಜನ್ಮಕಲ್ಯಾಣದ ದಿನದ ಉಪನ್ಯಾಸ)



ಪಂಚಕಲ್ಯಾಣ ಮಹೋತ್ಸವದಲ್ಲಿ ಶ್ರಾವಕ ದಂಪತಿಗಳು ತೀರ್ಥಂಕರರ ತಂದೆತಾಯಿಗಳ ಸ್ಥಾನದಲ್ಲಿ ಕುಳಿತುಕೊಳ್ಳುವುದು ಸಂಪ್ರದಾಯ. ಅವರು ನಿನ್ನೆಯವರೆಗೆ ಅಂಗಡಿಯ ಲೆಕ್ಕವನ್ನೋ ಹೊಲದ ಕೆಲಸವನ್ನೋ ನೋಡಿಕೊಂಡಿದ್ದ ಸಾಮಾನ್ಯ ಗೃಹಸ್ಥರು. ಸಂಕಲ್ಪ ಮಾಡಿ ನಿಯಮಗಳನ್ನು ಸ್ವೀಕರಿಸಿದ ಕ್ಷಣದಿಂದ ಸಮಾಜವೆಲ್ಲ ಅವರನ್ನು ಭಗವಂತನ ತಂದೆತಾಯಿಗಳೆಂದೇ ಗೌರವಿಸುತ್ತದೆ. ಇವರು ಹೆತ್ತವರೇ ಎಂದು ಯಾರೂ ಕೇಳುವುದಿಲ್ಲ. ಸಂಕಲ್ಪದಿಂದಲೂ ಮಾತೃತ್ವ ಪಿತೃತ್ವಗಳು ಸಿದ್ಧಿಸುತ್ತವೆ ಎಂಬುದನ್ನು ಮಂಟಪದಲ್ಲಿ ಎಲ್ಲರೂ ಒಪ್ಪುತ್ತಾರೆ.

ಆದರೆ ಅದೇ ಸಮಾಜದ ಓಣಿಯಲ್ಲಿ ಮಕ್ಕಳಿಲ್ಲದ ದಂಪತಿಗಳು ಒಂದು ಕೂಸನ್ನು ಮನೆಗೆ ತಂದಾಗ, 'ಯಾರ ಕೂಸು? ಯಾವ ಕುಲದ್ದು?' ಎಂಬ ಪ್ರಶ್ನೆ ತೊಟ್ಟಿಲಿಗಿಂತ ಮೊದಲು ಹೊಸ್ತಿಲು ದಾಟಿ ಬರುತ್ತದೆ. ಮಂಟಪದಲ್ಲಿ ಒಪ್ಪಿದುದನ್ನು ಮನೆಯಂಗಳದಲ್ಲಿಯೂ ಒಪ್ಪಬೇಕಲ್ಲವೇ ಎಂಬುದೇ ಈ ಉಪನ್ಯಾಸದ ವಿಷಯ.

ಭಗವಜ್ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಆದಿನಾಥನ ಜನ್ಮಾಭಿಷೇಕವಾದ ಮೇಲೆ ಇಂದ್ರನು ಶಿಶುವನ್ನು ತಾಯಿಗೆ ಒಪ್ಪಿಸಿ ಸುಮ್ಮನೆ ಹಿಂದಿರುಗಲಿಲ್ಲ. ಸ್ನಾನಕ್ಕೆ, ಅಲಂಕಾರಕ್ಕೆ, ಹಾಲೂಡಿಸುವುದಕ್ಕೆ, ಸಂಸ್ಕಾರಕ್ಕೆ, ಆಟಕ್ಕೆ ಎಂದು ದೇವಿಯರನ್ನು ದಾದಿಯರಾಗಿ ನೇಮಿಸಿದನು. ಸಾಕ್ಷಾತ್ ಮರುದೇವಿಗೇ ನೆರವಿನ ಕೈಗಳು ಬೇಕಾದುವೆಂದ ಮೇಲೆ, ಅನುಭವವಿಲ್ಲದ ಬಡ ತಾಯಿಗೆ ನೆರವು ಬೇಡವೆನ್ನುವುದು ಯಾವ ನ್ಯಾಯ? ಮಗುವನ್ನು ಬೆಳೆಸುವ ಭಾರ ಒಂದೇ ಮನೆಯದಲ್ಲ.

ಸಾಕಿದ ಮನೆಯ ಮಹಿಮೆಯನ್ನು ಜೀವಂಧರ ಸ್ವಾಮಿಯ ಚರಿತೆ ಇನ್ನೂ ಸ್ಪಷ್ಟವಾಗಿ ತಿಳಿಸುತ್ತದೆ. ವಾದೀಭಸಿಂಹ ಸೂರಿಯ ಕ್ಷತ್ರಚೂಡಾಮಣಿ ಮತ್ತು ಗದ್ಯಚಿಂತಾಮಣಿಗಳಲ್ಲಿಯೂ 1424ರಲ್ಲಿ ಭಾಸ್ಕರಕವಿ ರಚಿಸಿದ ಕನ್ನಡ ಷಟ್ಪದಿಯಲ್ಲಿಯೂ ಈ ಕಥೆ ಬಂದಿದೆ. ಮಂತ್ರಿ ಕಾಷ್ಠಾಂಗಾರನ ದ್ರೋಹದಿಂದ ರಾಜ ಸತ್ಯಂಧರನು ಮಡಿದನು. ಮಯೂರಯಂತ್ರದಲ್ಲಿ ಪಾರಾದ ರಾಣಿ ವಿಜಯೆ ಶ್ಮಶಾನದಲ್ಲಿ ಮಗನನ್ನು ಹೆತ್ತಳು. ಸತ್ತ ತನ್ನ ಕೂಸನ್ನು ಇಡಲು ಅಲ್ಲಿಗೆ ಬಂದ ವರ್ತಕ ಗಂಧೋತ್ಕಟನು ಆ ಜೀವಂತ ಶಿಶುವನ್ನೆತ್ತಿ ಮನೆಗೆ ತಂದನು. ಅವನ ಹೆಂಡತಿ ಸುನಂದೆ ಅದಕ್ಕೆ ತಾಯಿಯಾದಳು. ಅನಂತರ ಅವಳ ಹೊಟ್ಟೆಯಲ್ಲಿಯೇ ನಂದಾಢ್ಯನು ಹುಟ್ಟಿದರೂ ಹಿರಿಯನ ಮೇಲಿನ ಪ್ರೀತಿ ಕುಂದಲಿಲ್ಲ.

ಈ ಕಥೆಯಲ್ಲಿ ಒಂದು ಮೌನವೂ ಇದೆ. ಶಿಶು ಶ್ಮಶಾನದಲ್ಲಿ ದೊರೆತುದೆಂಬ ನಿಜವನ್ನು ಗಂಧೋತ್ಕಟನು ಹೆಂಡತಿಗೇ ತಿಳಿಸಲಿಲ್ಲ. ಆ ಗುಟ್ಟನ್ನು ಜೀವಂಧರನಿಗೆ ತಿಳಿಸಿದವನು ವಿದ್ಯಾಗುರು ಆರ್ಯನಂದಿ. ಶಿಷ್ಯನ ವಿದ್ಯೆ ಪೂರ್ಣವಾದ ಮೇಲೆ ಗುರು ಅವನ ಹುಟ್ಟಿನ ವೃತ್ತಾಂತವನ್ನು ಹೇಳಿದನು. ಕೋಪದಿಂದ ಕುದಿದ ಶಿಷ್ಯನಿಂದ ಒಂದು ವರ್ಷ ತಾಳಿಕೊಳ್ಳುವ ಮಾತನ್ನೂ ಪಡೆದನು. ನಿಜವನ್ನು ಹೇಳುವುದರ ಜೊತೆಗೆ ಅದನ್ನು ತಡೆದುಕೊಳ್ಳುವ ಶಕ್ತಿಯನ್ನು ಕೊಡುವುದೂ ಹಿರಿಯರ ಕರ್ತವ್ಯವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಕಥೆಯ ಕೊನೆಯಲ್ಲಿ ಹೆತ್ತ ವಿಜಯೆ, ಸಾಕಿದ ಸುನಂದೆ ಇಬ್ಬರೂ ದೀಕ್ಷೆಯನ್ನು ಕೈಕೊಳ್ಳುತ್ತಾರೆ. ಪುರಾಣಕಾರರು ಅವರಲ್ಲಿ ಒಬ್ಬಳನ್ನು ಹೆಚ್ಚು, ಇನ್ನೊಬ್ಬಳನ್ನು ಕಡಿಮೆ ಎಂದೆಣಿಸಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತುವವರುಂಟು. ಇನ್ನೊಬ್ಬರಿಗೆ ವಿಪತ್ತನ್ನು ತರುವ ಸತ್ಯವನ್ನು ನುಡಿಯಬಾರದೆಂದು ಶ್ರಾವಕಾಚಾರವೇ ಹೇಳುವಾಗ, 'ನೀನು ದತ್ತುಮಗು' ಎಂದು ಹೇಳಿ ಎಳೆಯ ಮನಸ್ಸನ್ನು ನೋಯಿಸುವುದೇಕೆ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆ ಪ್ರಾಮಾಣಿಕವಾದುದು. ಆದರೆ ಮುಚ್ಚಿಡುವುದರಿಂದ ನೋವು ತಪ್ಪುತ್ತದೆಯೇ? ಕವಿತಾಳದಂಥ ಊರಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಗೊತ್ತಿಲ್ಲದಿರುವುದು ಆ ಮಗುವಿಗೆ ಮಾತ್ರ. ಅಪ್ಪ ಅವ್ವ ಹೇಳದ ಮಾತನ್ನು ಒಂದು ದಿನ ಶಾಲೆಯ ಜಗಳದಲ್ಲಿ ಗೆಳೆಯನು ಹೇಳುತ್ತಾನೆ, ಇಲ್ಲವೇ ಮದುವೆಯ ಮಾತುಕತೆಯಲ್ಲಿ ನೆಂಟರು, ಆಸ್ತಿಯ ಪಾಲಿನ ಸಮಯದಲ್ಲಿ ದಾಯಾದಿಗಳು ಹೇಳುತ್ತಾರೆ. ಆಗ ಮಗುವನ್ನು ಹೆಚ್ಚು ಸುಡುವುದು ದತ್ತುವೆಂಬ ಸಂಗತಿಯಲ್ಲ, ನಂಬಿದವರು ಬಚ್ಚಿಟ್ಟರೆಂಬ ಸಂಗತಿ. ಮುಚ್ಚಿಟ್ಟ ಸತ್ಯವೇ ಇಲ್ಲಿ ಹಿಂಸೆಯಾಗುತ್ತದೆ. ಪ್ರೀತಿಯಿಂದ, ವಯಸ್ಸಿಗೆ ತಕ್ಕಂತೆ, ಎಳೆತನದಿಂದಲೇ ಹೇಳುತ್ತ ಬಂದ ಸತ್ಯ ಅಹಿಂಸೆಗೆ ವಿರೋಧವಲ್ಲ. ಒಮ್ಮೆ ಹೇಳಿ ಮುಗಿಸುವ ಮಾತೂ ಇದಲ್ಲ. ಮಗು ಬೆಳೆದಂತೆ ಪ್ರಶ್ನೆಗಳೂ ಬೆಳೆಯುತ್ತವೆ, ಉತ್ತರಗಳೂ ಬೆಳೆಯಬೇಕು.

ಇನ್ನು ಕಾನೂನಿನ ವಿಚಾರ. ಜೈನರಲ್ಲಿ ದತ್ತು ಪಿಂಡಪ್ರದಾನಕ್ಕಾಗಿ ಹುಟ್ಟಿದ ಪದ್ಧತಿಯಲ್ಲ. ಮಗನಿಲ್ಲದೆ ಸದ್ಗತಿಯಿಲ್ಲವೆಂಬ ನಂಬಿಕೆ ಜಿನಧರ್ಮದಲ್ಲಿಲ್ಲ. ಅವರವರ ಗತಿ ಅವರವರ ಕರ್ಮದಿಂದ. ಗಂಡನ ಅನುಮತಿಯಿಲ್ಲದೆಯೂ ಜೈನ ವಿಧವೆ ದತ್ತು ಸ್ವೀಕರಿಸಬಹುದೆಂಬ ಸಂಪ್ರದಾಯವನ್ನು 1878ರಷ್ಟು ಹಿಂದೆಯೇ ಪ್ರಿವಿ ಕೌನ್ಸಿಲ್ ಮಾನ್ಯ ಮಾಡಿತ್ತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ಜೈನರಿಗೂ ಅನ್ವಯಿಸುತ್ತದೆ. ಅದರಂತೆ ದತ್ತಹೋಮ ಕಡ್ಡಾಯವಲ್ಲ. ಕೊಡುವ ತೆಗೆದುಕೊಳ್ಳುವ ಕ್ರಿಯೆ ನಿಜವಾಗಿ ನಡೆದಿರಬೇಕು. ಕ್ರಮಬದ್ಧವಾದ ದತ್ತುವನ್ನು ಮುಂದೆ ರದ್ದುಪಡಿಸಲು ಬರುವುದಿಲ್ಲ. ಬಂಧುಗಳೊಳಗೆ ಬಾಯಿಮಾತಿನಲ್ಲಿ ಮಗುವನ್ನು ಕೊಟ್ಟು ಪತ್ರವನ್ನು ನೋಂದಾಯಿಸದ ಕುಟುಂಬಗಳು ಮುಂದೆ ಆ ಮಗುವನ್ನೇ ವ್ಯಾಜ್ಯಕ್ಕೆ ನೂಕುತ್ತವೆ.

ಅನಾಥ, ಪರಿತ್ಯಕ್ತ ಅಥವಾ ಒಪ್ಪಿಸಲ್ಪಟ್ಟ ಮಕ್ಕಳ ವಿಷಯದಲ್ಲಿ 2015ರ ಬಾಲನ್ಯಾಯ ಕಾಯಿದೆಯ ಮಾರ್ಗವೊಂದೇ ಸರಿಯಾದುದು. ಅರ್ಜಿಯು ಕೇಂದ್ರ ದತ್ತು ಪ್ರಾಧಿಕಾರದ ನೋಂದಣಿಯ ಮೂಲಕ ಹೋಗುತ್ತದೆ. ಮನೆಯ ಅಧ್ಯಯನ ನಡೆಯುತ್ತದೆ. 2022ರ ಸೆಪ್ಟೆಂಬರಿನಿಂದ ದತ್ತು ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳು ಕೊಡುತ್ತಾರೆ. ಮಗುವನ್ನು ಒಪ್ಪಿಸಿದ ತಾಯಿಗೆ ಮತ್ತೆ ಯೋಚಿಸಲು ಎರಡು ತಿಂಗಳ ಅವಕಾಶವಿದೆ. ಈ ಕಾಲಾವಧಿ ಕಾಯುವವರಿಗೆ ದೀರ್ಘವೆನಿಸಬಹುದು. ಆದರೆ ಅದು ಮತ್ತೊಬ್ಬ ತಾಯಿಯ ಕಣ್ಣೀರಿಗೆ ಕಾನೂನು ತೋರಿದ ಗೌರವ. ಮಧ್ಯವರ್ತಿಗೆ ಹಣ ಕೊಟ್ಟು ಮಗುವನ್ನು ಪಡೆಯುವುದು ಶಿಶುವಿಕ್ರಯ. ಅದು ಶಿಕ್ಷಾರ್ಹ ಅಪರಾಧ, ಅಚೌರ್ಯ ವ್ರತಕ್ಕೂ ಭಂಗ.

ಪೋಷಕತ್ವವೆಂಬುದು ದತ್ತುವಿಗಿಂತ ಬೇರೆ. ಅಲ್ಲಿ ಮಗುವಿಗೂ ಹೆತ್ತವರಿಗೂ ಇರುವ ಸಂಬಂಧ ಕಡಿದುಹೋಗುವುದಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಒಂದು ಕುಟುಂಬವು ಕೆಲವು ಕಾಲ ಮಗುವನ್ನು ನೋಡಿಕೊಳ್ಳುತ್ತದೆ. ಹೆತ್ತವರ ಸ್ಥಿತಿ ಸುಧಾರಿಸಿದರೆ ಹಿಂದಿರುಗಿಸಬೇಕಾಗಬಹುದು. ಪ್ರೀತಿಸಬೇಕು, ಆದರೆ ಪರಿಗ್ರಹ ಮಾಡಬಾರದು. ಅಪರಿಗ್ರಹದ ಇಷ್ಟು ಕಠಿಣವಾದ ಸಾಧನೆ ಗೃಹಸ್ಥನಿಗೆ ಬೇರೆಡೆ ದೊರೆಯುವುದು ಅಪರೂಪ.

ರಾಯಚೂರು ಜಿಲ್ಲೆಗೆ ಇನ್ನೊಂದು ಚಿತ್ರವೂ ಪರಿಚಿತ. ದೇವದುರ್ಗ, ಮಾನ್ವಿ ಸೀಮೆಗಳ ಹಳ್ಳಿಗಳಿಂದ ಮಳೆ ಕೈಕೊಟ್ಟ ವರ್ಷ ಜನ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜ ಅಜ್ಜಿಯರ ಬಳಿ ಉಳಿಯುತ್ತಾರೆ. ತಂದೆತಾಯಿ ತೀರಿಕೊಂಡ ಮಕ್ಕಳನ್ನು ಚಿಕ್ಕಮ್ಮನೋ ಸೋದರಮಾವನೋ ಸಾಕುತ್ತಾರೆ. ಯಾವ ಆದೇಶವೂ ಇಲ್ಲದೆ, ಯಾರ ಹೊಗಳಿಕೆಯೂ ಇಲ್ಲದೆ ಇವರು ಪೋಷಕರಾಗಿದ್ದಾರೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ, ವಿಧವೆಯ ಮಕ್ಕಳು, ಬಂಧುಗಳ ಮನೆಯಲ್ಲಿ ಬೆಳೆಯುತ್ತಿರುವ ಅನಾಥ ಮಕ್ಕಳು ಮೊದಲಾದವರಿಗೆ ತಿಂಗಳಿಗೆ 4,000 ರೂಪಾಯಿಗಳ ಪ್ರಾಯೋಜಕತ್ವವನ್ನು ಹೇಳಿದೆ. ಗ್ರಾಮಾಂತರದಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿಗಳನ್ನು ಮೀರಿರಬಾರದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸಲ್ಲಿಸಬೇಕು. ಓದು ಬರಹ ತಿಳಿಯದ ಅಜ್ಜಿಯೊಬ್ಬಳಿಗೆ ಆ ಅರ್ಜಿಯನ್ನು ತುಂಬಿಕೊಡುವುದು ಒಬ್ಬ ವಿದ್ಯಾವಂತ ಶ್ರಾವಕನ ಅರ್ಧ ಗಂಟೆಯ ಕೆಲಸ.

ಹಾಗಾದರೆ ಸಮಾಜವು ಮಾಡಬೇಕಾದುದೇನು? ಆಚಾರ್ಯರು ಹೇಳಿದ ಚತುರ್ವಿಧ ದಾನದಲ್ಲಿಯೇ ಉತ್ತರವಿದೆ.

ಮೊದಲನೆಯದು ಆಹಾರದಾನ. ಬಂದ ಮಗುವಿಗೆ ಹೊಟ್ಟೆ ತುಂಬುವುದಷ್ಟೇ ಸಾಲದು. ನಾಳೆಯೂ ತುಂಬುವುದೆಂಬ ನಂಬಿಕೆ ಹುಟ್ಟಬೇಕು. ಹಸಿವನ್ನು ಕಂಡ ಮಗು ರೊಟ್ಟಿಯನ್ನು ಹಾಸಿಗೆಯ ಕೆಳಗೆ ಬಚ್ಚಿಡಬಹುದು. ಅದನ್ನು ಕಳ್ಳತನವೆಂದು ಗದರಿಸಬಾರದು.

ಎರಡನೆಯದು ಔಷಧದಾನ. ದೇಹಕ್ಕೆ ಲಸಿಕೆ, ತಪಾಸಣೆಗಳು ಬೇಕಾದಂತೆ ಮನಸ್ಸಿಗೂ ಉಪಚಾರ ಬೇಕು. ರಾತ್ರಿ ಬೆಚ್ಚಿಬೀಳುವ, ಹಟ ಮಾಡುವ, ಯಾರನ್ನೂ ಹತ್ತಿರ ಸೇರಿಸದ ಮಗು ಕೃತಘ್ನವಲ್ಲ. ಹಿಂದೆ ಕಳೆದುಕೊಂಡುದಕ್ಕಾಗಿ ಅದು ಅಳುತ್ತಿದೆ.

ಮೂರನೆಯದು ಶಾಸ್ತ್ರದಾನ. ಇದು ಮಗುವಿಗೆ ಮಾತ್ರವಲ್ಲ, ತಂದೆತಾಯಿಗಳಿಗೂ ಸಲ್ಲತಕ್ಕುದು. ಬಸದಿಯ ಸ್ವಾಧ್ಯಾಯದ ಜೊತೆಗೆ ತಿಂಗಳಿಗೊಮ್ಮೆ ವೈದ್ಯರನ್ನೋ ಶಿಕ್ಷಕರನ್ನೋ ಮಕ್ಕಳ ರಕ್ಷಣಾ ಘಟಕದವರನ್ನೋ ಕರೆಯಿಸಿ, ಹೆತ್ತವರು ಸಾಕಿದವರೆಂಬ ಭೇದವಿಲ್ಲದೆ ಎಲ್ಲ ಪಾಲಕರನ್ನೂ ಕೂರಿಸಿ ಕೇಳಿಸಬಹುದು. ದತ್ತು ಪಡೆದ ಹಿರಿಯ ದಂಪತಿಗಳು ಹೊಸಬರಿಗೆ ಅನುಭವವನ್ನು ಹೇಳಬಹುದು. ದುಃಖದಲ್ಲಿರುವ ಮಗು ಯಾರದಾದರೂ ಆಗಿರಲಿ, ಮಕ್ಕಳ ಸಹಾಯವಾಣಿ 1098 ಪ್ರತಿಯೊಬ್ಬರಿಗೂ ತಿಳಿದಿರಬೇಕು.

ನಾಲ್ಕನೆಯದು ಎಲ್ಲಕ್ಕೂ ಹಿರಿದಾದ ಅಭಯದಾನ. 'ನಿನ್ನನ್ನು ಯಾರೂ ಹಿಂದಕ್ಕೆ ಕಳಿಸುವುದಿಲ್ಲ' ಎಂಬ ಅಭಯವನ್ನು ದತ್ತುಮಗುವಿಗೆ ತಾಯಿ ಕೊಡಬಲ್ಲಳು. ಆದರೆ 'ನಿನ್ನ ಮಗುವನ್ನು ಬಸದಿಯಲ್ಲಿ ಯಾರೂ ಬೇರೆಯಾಗಿ ಕಾಣುವುದಿಲ್ಲ' ಎಂಬ ಅಭಯವನ್ನು ಆ ತಾಯಿಗೆ ಸಮಾಜವೇ ಕೊಡಬೇಕು. ಅಭಿಷೇಕದ ಕಲಶವನ್ನು ಆ ಮಗುವಿನ ಕೈಗೂ ಕೊಡಬೇಕು. ಪಾಠಶಾಲೆಯ ಸಾಲಿನಲ್ಲಿ ಅದಕ್ಕೂ ಸ್ಥಳವಿರಬೇಕು. ಅದರ ಮುಂದೆ 'ಪಾಪ, ಸಾಕಿದ್ದು' ಎಂಬ ಮಾತು ಬರಬಾರದು.

ಜೀವಗಳು ಒಂದಕ್ಕೊಂದು ಉಪಕಾರಿಗಳೆಂದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ತಿಳಿಸುತ್ತದೆ. ಮಗುವಿಗೆ ಉಪಕಾರ ಮಾಡಿದೆವೆಂದು ಭಾವಿಸುವ ದಂಪತಿಗಳು ಅದರ ಉಪಕಾರವನ್ನೂ ಎಣಿಸಬೇಕು. ಬರಿದಾಗಿದ್ದ ಮನೆಯಲ್ಲಿ ಅವ್ವಾ ಎಂದು ಕೂಗಿದ ಧ್ವನಿ ಅದರದು.

ಧರ್ಮಬಂಧುಗಳೆ, ಮಹೋತ್ಸವ ಮುಗಿದ ಮೇಲೆ ತೀರ್ಥಂಕರರ ತಂದೆತಾಯಿಗಳಾಗಿದ್ದ ದಂಪತಿಗಳು ಮನೆಗೆ ಹಿಂದಿರುಗುತ್ತಾರೆ, ಪೀಠದಲ್ಲಿ ಬಿಂಬ ನೆಲೆಸಿರುತ್ತದೆ. ಬಿಂಬಕ್ಕೆ ನಿತ್ಯವೂ ಪೂಜೆಯುಂಟು. ತಾಯಿಯಿಲ್ಲದ ಒಂದು ಮಗುವಿಗೆ, ಅದನ್ನು ಎತ್ತಿಕೊಂಡ ಒಂದು ಮಡಿಲಿಗೆ ಈ ಸಮಾಜದ ಆಸರೆಯೂ ಹಾಗೆಯೇ ನಿತ್ಯವಾಗಲಿ.

ಜೈ ಜಿನೇಂದ್ರ.