ಗೌರಮ್ಮನ ಹೆಸರು ಕೂಗಿದ ನಾಟಕ

(ಮುದ್ದೇನಹಳ್ಳಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಮುದ್ದೇನಹಳ್ಳಿ ಎಂದರೆ ಎಲ್ಲರ ಬಾಯಲ್ಲೂ ವಿಶ್ವೇಶ್ವರಯ್ಯನವರ ಹೆಸರು. ಅದು ಸರಿಯೇ. ಇವತ್ತು ನಾನು ಇದೇ ಜಿಲ್ಲೆಯ ಇನ್ನೊಂದು ಹೆಸರು ಹೇಳಲು ಬಂದಿದ್ದೇನೆ: ಗೌರಮ್ಮ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ನಿಮಗೆ ಗೊತ್ತು. ಮಕ್ಕಳಾಗಲೆಂದು ಹೆಂಗಸರು ಹರಕೆ ಹೊತ್ತು ನಾಗರಕಲ್ಲು ಇಡುವ ಜಾಗ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಮಂದಿ ಎಂದು ಜನ ಹೇಳುತ್ತಾ ಬಂದರು. ಸರ್ಕಾರ ಒಪ್ಪಿದ್ದು ಅದಕ್ಕಿಂತ ತೀರ ಕಡಿಮೆ. ಸತ್ತವರಲ್ಲಿ ಗೌರಮ್ಮ ಒಬ್ಬರು.

1998ಕ್ಕೆ ಇದಾಗಿ 60 ವರ್ಷ ತುಂಬಿತು. ಕಾಲೇಜಿನ ನಾಟಕ ತಂಡದ ಮಕ್ಕಳ ಜೊತೆ ಸೇರಿ ಈ ಪ್ರಸಂಗವನ್ನೇ ನಾಟಕ ಮಾಡಿದೆವು. ಬರೆದಿಟ್ಟ ನಾಟಕ ಇರಲಿಲ್ಲ. ಭಾನುವಾರ ಹಳ್ಳಿಗಳಿಗೆ ಹೋಗಿ ಅಜ್ಜ ಅಜ್ಜಿಯರನ್ನು ಮಾತಾಡಿಸಿ, ಕೇಳಿದ್ದನ್ನು ಸೋಮವಾರ ಆಡಿ ನೋಡುತ್ತಿದ್ದೆವು. ಹುಡುಗರಿಗೆ ಮುಖಂಡರು, ಪೊಲೀಸರು ಎಂದು ಬೇಕಾದಷ್ಟು ಪಾತ್ರ ಸಿಕ್ಕವು. ಹುಡುಗಿಯರಿಗೆ ಸಿಕ್ಕಿದ್ದು ‘ಗುಂಪು’. ಒಬ್ಬಳು ಕೇಳಿದಳು: “ಮೇಡಂ, ಗುಂಡು ತಗುಲುವ ತನಕ ಗೌರಮ್ಮ ಏನು ಮಾಡುತ್ತಿದ್ದರು?”

ಉತ್ತರ ಯಾರಲ್ಲೂ ಇರಲಿಲ್ಲ. ಆಕೆಯ ಬಾಯಿಗೆ ವೀರಭಾಷಣ ತುರುಕಲು ಹುಡುಗಿಯರು ಒಪ್ಪಲಿಲ್ಲ. ಅಂದಿನ ಹೆಂಗಸರ ದಿನದ ಬಗ್ಗೆ ಅಜ್ಜಿಯರು ಹೇಳಿದ್ದನ್ನೇ ಆಡಿದರು: ಒಲೆ ಹಚ್ಚಿದ್ದು, ಬುತ್ತಿ ಕಟ್ಟಿದ್ದು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಡೆದದ್ದು. ಕೊನೆಗೆ ಸತ್ತವರ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಿದ್ದರು.

ಒಂದು ಹಳ್ಳಿಯಲ್ಲಿ ನಾಟಕ ಮುಗಿದ ಮೇಲೆ ಒಬ್ಬ ತಾಯಿ ಬಂದರು. “ನನ್ನ ಮಗಳ ಹೆಸರನ್ನೂ ಕೂಗ್ತೀರೇನಮ್ಮಾ?” ಎಂದರು. ಮದುವೆಯಾದ ಎರಡನೇ ವರ್ಷಕ್ಕೆ ಸುಟ್ಟು ಸತ್ತವಳು. ದಾಖಲೆಯಲ್ಲಿ ‘ಸ್ಟೌ ಸಿಡಿದು ಆಕಸ್ಮಿಕ ಸಾವು’. ತವರಿನಿಂದ ಇನ್ನೂ ಹಣ ತಾ ಎಂದು ಹೊಡೆಯುತ್ತಿದ್ದದ್ದು ಬೀದಿಗೆಲ್ಲ ಗೊತ್ತಿತ್ತು. ಯಾರೂ ತಾರೀಕು ಬರೆದಿಡಲಿಲ್ಲ. ಯಾರೂ ಸಾಕ್ಷಿ ಹೇಳಲಿಲ್ಲ.

ವಿದುರಾಶ್ವತ್ಥದ ಜನ ತಮ್ಮ ಲೆಕ್ಕವನ್ನು ಬಿಟ್ಟುಕೊಡಲಿಲ್ಲ. ಇವತ್ತು ಅಲ್ಲಿ ವೀರಸೌಧವಿದೆ. ನಮ್ಮ ಹೆಣ್ಣುಮಕ್ಕಳ ಲೆಕ್ಕ ಯಾರ ಹತ್ತಿರ ಇದೆ?

ಮದುವೆಯಾದ 7 ವರ್ಷದೊಳಗೆ ಹೆಣ್ಣು ಸುಟ್ಟೋ, ಗಾಯದಿಂದಲೋ, ಅಸಹಜವಾಗಿಯೋ ಸತ್ತು, ಸಾವಿಗೆ ತುಸು ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದದ್ದು ಕಂಡುಬಂದರೆ ಅದು ವರದಕ್ಷಿಣೆ ಸಾವು. 1986ರಲ್ಲಿ ಬಂದ ಈ ಕಾನೂನು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂನಲ್ಲಿದೆ. ಆ ‘ತುಸು ಮುಂಚೆ’ ನಡೆದದ್ದನ್ನು ಹೇಳುವವರು ಯಾರು? ಅಕ್ಕಪಕ್ಕದ ನಾವೇ.

ಸಂಘದಲ್ಲಿ ಹತ್ತು ರೂಪಾಯಿ ಉಳಿತಾಯಕ್ಕೂ ಲೆಕ್ಕ ಬರೆಯುತ್ತೀರಿ. ಇನ್ನೊಂದು ಪುಸ್ತಕ ಇಡಿ. ಪೆಟ್ಟು ತಿಂದು ಬಂದವಳು ಒಪ್ಪಿದರೆ ತಾರೀಕು, ಗಾಯ, ಕೇಳಿದ ಹಣ, ಕಂಡವರ ಹೆಸರು ಬರೆಯಿರಿ. ಅವಳನ್ನು ಆಸ್ಪತ್ರೆಗೆ ಕರೆದೊಯ್ದು ಗಾಯವನ್ನು ದಾಖಲು ಮಾಡಿಸಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಪುಸ್ತಕ ಅವಳ ಗಂಡನ ಮನೆಯವರ ಕೈಗೆ ಸಿಗದಂತೆ ನೋಡಿಕೊಳ್ಳಿ.

ಸತ್ತ ಮೇಲೆ ಹೆಸರು ಕೂಗುವುದು ನಾಟಕಕ್ಕಿರಲಿ. ಬದುಕಿರುವವಳ ಹೆಸರು ಹಿಡಿದು ಕೂಗಿ, ಅವಳ ಬಾಗಿಲು ತಟ್ಟುವುದು ನಮ್ಮ ಕೆಲಸ.