ತ್ಯಾಜ್ಯವಸ್ತುವೂ ಕುಶಲಕಲೆಯೂ



ಯಾವ ವಸ್ತುವೂ ಕಸವಾಗಿ ಹುಟ್ಟುವದಿಲ್ಲ. ಮನುಷ್ಯನು ಅದರಿಂದ ದೃಷ್ಟಿಯನ್ನು ತಿರುಗಿಸಿದ ಗಳಿಗೆಯಲ್ಲಿ ಅದಕ್ಕೆ ಕಸವೆಂಬ ಹೆಸರು ಬರುವದು. ಊರ ಹೊರಗೆ ಎಸೆದ ಮಾತ್ರಕ್ಕೆ ಅದು ಇಲ್ಲವಾಗುವದಿಲ್ಲವೆಂಬುದಕ್ಕೆ ಮಂಗಳೂರು ನಗರವೇ ಸಾಕ್ಷಿ. 2019ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ಭಾರಿ ಮಳೆಯ ಹೊಡೆತಕ್ಕೆ, ಪಚ್ಚನಾಡಿಯಲ್ಲಿ ವರ್ಷಾನುವರ್ಷ ಬೆಟ್ಟದಂತೆ ಪೇರಿದ್ದ ನಗರದ ಕಸವು ಕುಸಿದು, ಕೆಳಗಣ ಮಂದಾರ ಪ್ರದೇಶವನ್ನು ಆವರಿಸಿತು. ತೆಂಗು ಕಂಗುಗಳ ತೋಟಗಳು ಹೂತುಹೋದವು. 20ಕ್ಕೂ ಮಿಕ್ಕ ಕುಟುಂಬಗಳು ಮನೆಮಾರುಗಳನ್ನು ಬಿಟ್ಟು ಹೊರಡಬೇಕಾಯಿತು. ಹಲವರು ಮರೆತ ವಸ್ತುಗಳ ಭಾರವನ್ನು ಕೆಲವರು ಹೊತ್ತರು.

ಅದೇ ಜಿಲ್ಲೆಯ ಪಕ್ಷಿಕೆರೆಯಲ್ಲಿ ನಿತಿನ್ ವಾಸ್ ಎಂಬವರು ಸ್ಥಾಪಿಸಿದ ‘ಪೇಪರ್ ಸೀಡ್’ ಎಂಬ ಕುಶಲೋದ್ಯೋಗವು ಬೇರೊಂದು ಮಾರ್ಗವನ್ನು ತೋರಿಸಿಕೊಟ್ಟಿದೆ. ಅಲ್ಲಿ ಸ್ಥಳೀಯ ಸ್ತ್ರೀಯರ ಕೈಯಲ್ಲಿ ರದ್ದಿ ಕಾಗದವು ಲೇಖನಿಯೂ ರಾಖಿಯೂ ಆಯಿತು. ಈ ವಿದ್ಯೆಯನ್ನು ಹತ್ತು ಜನರು ಕೂಡಿ ಕಲಿಯುವ ಕಮ್ಮಟದಲ್ಲಿ ಕ್ರಮವು ಸರಳವಾದುದು. ಕಾಗದವನ್ನು ಚೂರುಮಾಡಿ ನೆನೆಯಿಸಿ ಅರೆಯುವರು. ಆ ಮುದ್ದೆಯನ್ನು ನೀರಿನಲ್ಲಿ ಕದಡಿ ಜಾಲರಿಯ ಮೇಲೆ ತೆಳುವಾಗಿ ಹರಡುವರು. ಹಸಿಯಿರುವಾಗಲೇ ಬೀಜಗಳನ್ನು ಸೇರಿಸಿ ಒಣಗಿಸುವರು. ಕೆಲಸ ತೀರಿದ ಹಾಳೆಯನ್ನು ಮಣ್ಣಿನಲ್ಲಿಟ್ಟು ನೀರೆರೆದರೆ ಮೊಳಕೆ ಬರುವದು.

ಇಂಥ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಬಯಲುಸೀಮೆಯ ತಾಯಂದಿರು ಹಳೆಯ ಸೀರೆ ಧೋತರಗಳ ತುಂಡುಗಳನ್ನು ಪದರುಪದರಾಗಿ ಜೋಡಿಸಿ ಕೌದಿಯನ್ನು ಹೊಲಿಯುತ್ತ ಬಂದವರು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸ್ತ್ರೀಯರ ಕೌದಿಗಳು ದೂರದ ಅಮೇರಿಕೆಯ ಸಂಗ್ರಹಾಲಯದಲ್ಲಿಯೂ ಪ್ರದರ್ಶಿಸಲ್ಪಟ್ಟವು.

ಆದರೆ ಎಚ್ಚರಿಕೆಯ ಮಾತೊಂದುಂಟು. ಎಷ್ಟು ಕಮ್ಮಟಗಳು ನಡೆದರೂ ಪಚ್ಚನಾಡಿಯ ಬೆಟ್ಟವು ಅವುಗಳಿಂದ ಕರಗಲಾರದು. ಬಳಕೆಗೆ ಬಾರದ ಅಲಂಕಾರವನ್ನು ಮಾಡಿ, ಮೂರು ದಿನ ಮೂಲೆಯಲ್ಲಿಟ್ಟು ಎಸೆದರೆ, ಕಸವು ವೇಷವನ್ನು ಬದಲಿಸಿದಂತಾಯಿತಷ್ಟೆ. ಕೌದಿಯು ಚಳಿಯನ್ನು ತಡೆಯುವದರಿಂದಲೇ ಉಳಿದು ಬಂದಿದೆ. ಒಂದು ಹಾಳೆಯನ್ನು ಕೈಯಾರೆ ಮಾಡಿದ ಮಗುವು ಮತ್ತೊಂದು ಹಾಳೆಯನ್ನು ಹರಿಯುವ ಮುನ್ನ ಕ್ಷಣಕಾಲ ಯೋಚಿಸುವದು. ಕಮ್ಮಟದ ಫಲವು ಆ ಯೋಚನೆಯೇ ಆಗಿದೆ.

ಮಹೋತ್ಸವವು ಮುಗಿದ ಮರುದಿನ ಅಂಗಳದಲ್ಲಿ ಆಮಂತ್ರಣಪತ್ರಗಳೂ ತೋರಣದ ಬಟ್ಟೆಗಳೂ ಉಳಿಯುವವು. ಅವುಗಳನ್ನು ಗುಡಿಸಿ ಹೊರಗೆ ಹಾಕುವ ಮೊದಲು ಮಕ್ಕಳನ್ನೂ ಹಿರಿಯರನ್ನೂ ಒಂದೆಡೆ ಕುಳ್ಳಿರಿಸಿ ಅವರ ಕೈಗೆ ಕೊಡುವದಾದರೆ, ಈ ಕಾಯಕಕ್ಕೆ ಅದಕ್ಕಿಂತ ಒಳ್ಳೆಯ ಆರಂಭವಿಲ್ಲ.